ಕುಂಕುಮದ ಕೆಳಗಿದ್ದ ಮುಖ

ಹೋದ ವರ್ಷ ಪಿತೃಪಕ್ಷದ ಅಮಾವಾಸ್ಯೆಗೆ ಇನ್ನೂ ಮೂರು ವಾರವಿತ್ತು. ನಮ್ಮತ್ತೆಯ ಎರಡನೇ ಕಣ್ಣಿಗೂ ಪೊರೆ ತೆಗೆಸಿ, ಕಪ್ಪು ಕನ್ನಡಕ ಬಿಚ್ಚಿಟ್ಟ ಮೇಲಿನ ಮೊದಲ ಶುಕ್ರವಾರ ಅದು. ಅವತ್ತು ನಮ್ಮ ಮನೆಯಲ್ಲಿ ನಡೆದದ್ದನ್ನೂ ಆಮೇಲೆ ರಾಮನಗರದ ಒಂದು ಹಳೆಯ ಸ್ಟುಡಿಯೋದಲ್ಲಿ ನಾನು ಕಂಡದ್ದನ್ನೂ ಯಾರಿಗಾದರೂ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ನಾನು ಮಾಗಡಿಯಲ್ಲಿ ಟೈಲರ್. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಸಣ್ಣ ಅಂಗಡಿ, ಬ್ಲೌಸು ಹೊಲಿಯುವುದೇ ಹೆಚ್ಚು. ಬಾಯಿ ಒಂದಿಷ್ಟು ಜೋರು. 'ನಿನ್ನ ಕತ್ರಿಗಿಂತ ನಿನ್ನ ಬಾಯೇ ಹರಿತ' ಎಂದು ಗಿರಾಕಿಗಳೇ ಹೇಳುತ್ತಾರೆ, ಆದರೂ ಬರುತ್ತಾರೆ. ಅತ್ತೆಗೆ ಎಪ್ಪತ್ತಾರೋ ಎಪ್ಪತ್ತೇಳೋ. ಆಪರೇಷನ್ ಆದಮೇಲೆ ಮನೆಯಲ್ಲಿ ಅವರಿಗೆ ಕಾಣದ್ದು ಅಂತ ಏನೂ ಇರಲಿಲ್ಲ. ಸೂರಿನ ಜೇಡರ ಬಲೆ, ಪಾತ್ರೆಯ ತಳದ ಮಸಿ, ಒಂದೊಂದನ್ನೂ ಬೆರಳು ಮಾಡಿ ತೋರಿಸುತ್ತಿದ್ದರು. "ಏನೇ, ನಿನ್ ತಲೆ ಇಷ್ಟೊಂದು ನರ್ತೈತೆ, ಒಂದ್ ಮಾತು ಹೇಳೇ ಇಲ್ವಲ್ಲೇ" ಎಂದರು ಒಂದು ದಿನ. ಕಣ್ಣು ಕಾಣದಿದ್ದಾಗಲೇ ವಾಸಿಯಿತ್ತು ಎಂದು ನಾನು ಒಳಗೊಳಗೇ ಗೊಣಗಿಕೊಂಡೆ.

ಆ ಶುಕ್ರವಾರ ಸ್ನಾನ ಮಾಡಿ ದೇವರ ಗೂಡಿನ ಮುಂದೆ ಹೋದವರು ಎಷ್ಟು ಹೊತ್ತಾದರೂ ಈಚೆ ಬರಲಿಲ್ಲ. ಹೋಗಿ ನೋಡಿದರೆ ಅವರವ್ವನ ಫೋಟೋ ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿದ್ದರು.

ಆ ಫೋಟೋದ ಸಂಗತಿ ಸ್ವಲ್ಪ ಹೇಳಬೇಕು. ಅಂಗೈಯಗಲದ ಕಪ್ಪು ಬಿಳುಪು ಫೋಟೋ. ಗಾಢ ಬಣ್ಣದ ಸೀರೆ ಉಟ್ಟ ಹೆಂಗಸೊಬ್ಬಳು ಒಂದು ಸ್ಟೂಲಿನ ಪಕ್ಕ ನಿಂತಿದ್ದಾಳೆ. ಅತ್ತೆಗೆ ಐದು ವರ್ಷವಿದ್ದಾಗಲೇ ಆಕೆ ಹೆರಿಗೆಯಲ್ಲಿ ತೀರಿಕೊಂಡರಂತೆ. ಅತ್ತೆಗೆ ಅವ್ವನ ದನಿ ನೆನಪಿಲ್ಲ, ಮುಖವೂ ನೆನಪಿಲ್ಲ. "ನಮ್ಮವ್ವ ಅಂದ್ರೆ ಈ ಫೋಟೋನೇ ಕಣೆ" ಎನ್ನುತ್ತಿದ್ದರು. ಫೋಟೋ ತೆಗೆಯುವವನು ಕರಿ ಬಟ್ಟೆಯೊಳಗೆ ತಲೆ ತೂರಿಸಿದ್ದನ್ನು ಕಂಡು ಮಗು ಹೆದರಿ ಓಡಿಹೋಯಿತು, ಅದಕ್ಕೇ ತಾಯಿ ಒಬ್ಬಳದೇ ಬಂತು ಎಂದು ಮನೆಯಲ್ಲಿ ಹೇಳುತ್ತಿದ್ದರಂತೆ. ತವರಿನಲ್ಲಿ ಗಂಡು ದಿಕ್ಕಿಲ್ಲದ್ದರಿಂದ ಪಕ್ಷದಲ್ಲಿ ನಮ್ಮ ಮನೆಯಲ್ಲೇ ಆಕೆಗೂ ಒಂದು ಎಡೆ. ಮುತ್ತೈದೆಯಾಗಿ ಹೋದವರೆಂದು ಶುಕ್ರವಾರ ಶುಕ್ರವಾರ ಆ ಹಣೆಗೆ ಅತ್ತೆ ಕುಂಕುಮ ಇಡುತ್ತಿದ್ದರು.

ಈಗ ನನ್ನ ತಪ್ಪು ಹೇಳುತ್ತೇನೆ. ಆರು ವರ್ಷದ ಹಿಂದೆ ಗೌರಿ ಹಬ್ಬಕ್ಕೆ ಧೂಳು ಹೊಡೆಯುವಾಗ ನನ್ನ ಪೊರಕೆ ತಗುಲಿ ಆ ಫೋಟೋ ಕೆಳಗೆ ಬಿದ್ದು ಗಾಜು ಒಡೆಯಿತು. ಚೂರುಗಳನ್ನು ಗುಡಿಸಿ ಹಿತ್ತಲಾಚೆ ಎಸೆದು, ಬರಿಯ ಫ್ರೇಮನ್ನು ಮೊದಲಿನ ಜಾಗದಲ್ಲೇ ಇಟ್ಟೆ. ನಾಳೆ ಗಾಜು ಹಾಕಿಸಿದರಾಯಿತು ಎಂದುಕೊಂಡೆ. ನಾಳೆ ಎಂದವನ ಮನೆ ಹಾಳು ಎನ್ನುವ ಗಾದೆ ನನಗೆ ಗೊತ್ತಿಲ್ಲದ್ದೇನಲ್ಲ. ಅಷ್ಟರಲ್ಲಿ ಅತ್ತೆಯ ಕಣ್ಣಿಗೆ ಮಂಜು ಕವಿದಿತ್ತು. ಅವರು ಉಂಗುರ ಬೆರಳನ್ನು ನೀರಲ್ಲಿ ಅದ್ದಿ, ಕುಂಕುಮ ಮುಟ್ಟಿ, ತಡಕಾಡಿ ಅಂದಾಜಿನ ಮೇಲೆ ಇಡುತ್ತಿದ್ದರು. ಮೂರು ವರ್ಷದವರಿದ್ದಾಗ ರಾಗಿ ಕಲ್ಲಿಗೆ ಸಿಕ್ಕಿ ಅವರ ಬಲಗೈ ಕಿರುಬೆರಳು ಸೊಟ್ಟಗಾಗಿದೆ. ಹೊರಕ್ಕೆ ಚಾಚಿಕೊಂಡ ಆ ಬೆರಳೂ ಒಂದೊಂದು ಸಲ ಫೋಟೋದ ಗಲ್ಲಕ್ಕೆ ಒಂದಿಷ್ಟು ಕೆಂಪು ಬಳಿಯುತ್ತಿತ್ತು. ನಾನು ನೋಡುತ್ತಿದ್ದೆ. ಹೇಳಿದರೆ ಗಾಜಿನ ಮಾತು ಬರುತ್ತದಲ್ಲ ಎಂದು ಸುಮ್ಮನಿರುತ್ತಿದ್ದೆ.

"ಬಾರೇ ಇಲ್ಲಿ" ಎಂದರು ಅತ್ತೆ. "ಇದ್ರಾಗೆ ನಮ್ಮವ್ವ ಎಲ್ಲವ್ಳೆ?"

ಕುತ್ತಿಗೆಯಿಂದ ಮೇಲೆ ಬರೀ ಕೆಂಪು. ಕುಂಕುಮ, ಅರಿಶಿನ, ನೀರು ಎಲ್ಲ ಸೇರಿ ಒಣಗಿ ಹೆಪ್ಪುಗಟ್ಟಿತ್ತು.

"ನಾನೇ ಬಳ್ದುಬುಟ್ಟೆ. ನನ್ ಕೈಯಾರೆ ನಮ್ಮವ್ವನ್ ಮೊಕ ಅಳಿಸ್ಬುಟ್ಟೆ" ಎಂದರು. ಅಳಲಿಲ್ಲ. ಮಧ್ಯಾಹ್ನ ಮುದ್ದೆ ಮುಂದಿಟ್ಟರೆ ಮುಟ್ಟಲಿಲ್ಲ. "ಪಕ್ಸದಲ್ಲಿ ಎಡೆ ಯಾರ್ ಮುಂದೆ ಇಕ್ಲಿ, ಹೇಳು" ಎಂದು ಒಂದೇ ಮಾತು ಕೇಳಿ ಗೋಡೆ ಕಡೆ ತಿರುಗಿ ಮಲಗಿದರು.

ಅವರು ಮಲಗಿದ್ದಾಗ ಒದ್ದೆ ಹತ್ತಿ ತೆಗೆದುಕೊಂಡು ಮೆತ್ತಗೆ ಒರೆಸಿ ನೋಡಿದೆ. ಹತ್ತಿಗೆ ಕೆಂಪಿನ ಜೊತೆ ಒಂದು ಕರಿ ಚೂರೂ ಅಂಟಿ ಬಂತು. ಅದು ಕುಂಕುಮವಲ್ಲ, ಫೋಟೋನೇ ಕಿತ್ತು ಬಂದದ್ದು ಎಂದು ತಿಳಿಯಿತು. ಅಲ್ಲಿಗೇ ನಿಲ್ಲಿಸಿದೆ.

ಮಾರನೇ ದಿನ ನಮ್ಮ ರಸ್ತೆಯ ಜೆರಾಕ್ಸ್ ಅಂಗಡಿಗೆ ಹೋದೆ. ಸ್ಕ್ಯಾನ್ ಮಾಡಿದರೆ ಕಂಪ್ಯೂಟರಿನಲ್ಲಿ ಸರಿಮಾಡಬಹುದು ಎಂದು ಯಾರೋ ಹೇಳಿದ್ದರು. ಅವನು "ಕಲರಲ್ಲಿ ಹಾಕ್ಲಾ ಅಕ್ಕ?" ಎಂದು ಕೇಳಿದ. ನನ್ನ ಜಾಣತನ ನೋಡಿ, "ಕಪ್ಪು ಬಿಳುಪು ಫೋಟೋ ಕಣಪ್ಪ, ಕಾಣಲ್ವಾ? ಬ್ಲ್ಯಾಕ್ ಅಂಡ್ ವೈಟಲ್ಲೇ ಹಾಕು" ಎಂದು ಗದರಿದೆ. ಅವನು ಹಾಗೇ ಮಾಡಿದ. ಬಂದದ್ದು ನೋಡಿದರೆ ಸೀರೆ ಪೂರ್ತಿ ಇದ್ದಿಲು, ತಲೆಯೂ ಇದ್ದಿಲು, ನೆಲ ಮಾತ್ರ ಸುಣ್ಣ ಹೊಡೆದ ಹಾಗೆ ಬಿಳಿ.

ಭಾನುವಾರ ನನ್ನ ತಮ್ಮ ಸುರೇಶ ಬಂದ. ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ ಅವನಿಗೆ, ಮೊಬೈಲಿನಲ್ಲಿ ಏನು ಬೇಕಾದರೂ ಮಾಡುತ್ತಾನೆ. ಯಾವುದೋ ಆ್ಯಪಿಗೆ ಆ ಫೋಟೋ ಹಾಕಿ ಐದು ನಿಮಿಷದಲ್ಲಿ ಮುಖ ತರಿಸಿಯೇಬಿಟ್ಟ. ಬೆಣ್ಣೆಯಂಥ ಮೈಬಣ್ಣ, ತಿದ್ದಿದ ಹುಬ್ಬು, ತುಟಿಯಲ್ಲಿ ನಗು. ನನಗೂ ಒಂದು ಕ್ಷಣ ಖುಷಿಯಾಯಿತು. ಅತ್ತೆ ಹೊಸ ಕಣ್ಣಿನಿಂದ ಚೆನ್ನಾಗಿ ನೋಡಿ, "ಚೆಂದಾಗವ್ಳೆ. ಯಾರ್ ಮನೆ ಹೆಣ್ಣು?" ಎಂದರು. ಸುರೇಶ ಮೊಬೈಲನ್ನು ಜೇಬಿಗೆ ಹಾಕಿಕೊಂಡು ಕಾಫಿ ಕೂಡ ಕುಡಿಯದೆ ಎದ್ದ.

ಅದಾಗಿ ಐದಾರು ದಿನಕ್ಕೆ, ರಾಮನಗರದಿಂದ ಬ್ಲೌಸು ಹೊಲಿಸಲು ಬರುವ ಟೀಚರೊಬ್ಬರ ಮುಂದೆ ಈ ಕಷ್ಟ ಹೇಳಿಕೊಂಡಾಗ, ಅವರು ನಜೀರಣ್ಣನ ಸ್ಟುಡಿಯೋ ಗುರುತು ಹೇಳಿದರು. ಅಲ್ಲೂ ಆಗದಿದ್ದರೆ ಇನ್ನೆಲ್ಲೂ ಆಗುವುದಿಲ್ಲ ಎಂದರು. ಮರುದಿನವೇ ಅಂಗಡಿ ಬಾಗಿಲು ಹಾಕಿ, ಫೋಟೋವನ್ನು ಎರಡು ರಟ್ಟಿನ ನಡುವೆ ಇಟ್ಟು ದಾರ ಸುತ್ತಿ, ರಾಮನಗರದ ಬಸ್ಸು ಹತ್ತಿದೆ.

ರೇಷ್ಮೆ ನೂಲು ತೆಗೆಯುವ ಮನೆಗಳ ನಡುವೆ, ಗೂಡು ಬೇಯುವ ವಾಸನೆ ತುಂಬಿದ ಗಲ್ಲಿಯಲ್ಲಿ ಆ ಸ್ಟುಡಿಯೋ ಇತ್ತು. ನಜೀರಣ್ಣನಿಗೆ ಅರವತ್ತು ದಾಟಿದೆ. ದಪ್ಪ ಕನ್ನಡಕ, ತಲೆಗೆ ಬಿಳಿ ಟೋಪಿ. ಅವರ ಮನೆಯವರೆಲ್ಲ ನೂಲು ತೆಗೆಯುವವರೇ, ಇವರೊಬ್ಬರು ಮಾತ್ರ ಹುಡುಗನಿದ್ದಾಗಲೇ ಕ್ಯಾಮೆರಾ ಹಿಂದೆ ಬಿದ್ದವರಂತೆ.

ಅವರು ಫೋಟೋದ ಅಂಚನ್ನಷ್ಟೇ ಹಿಡಿದು ಬಿಳಿ ಕಾಗದದ ಮೇಲಿಟ್ಟು, ಮಸೂರ ಹಿಡಿದು ತುಂಬ ಹೊತ್ತು ನೋಡಿದರು.

"ಇಲ್ಲಿ ಯಾರು ಒರ್ಸಿದ್ದು?"

"ನಾನೇ."

"ಎಷ್ಟು ಸಲ?"

"ಒಂದೇ ಸಲ."

"ಪುಣ್ಯ" ಎಂದರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿದ್ದನ್ನು ತೋರಿಸಿದಾಗ ಸಣ್ಣಗೆ ನಕ್ಕರು.

"ಅವನ್ದೇನೂ ತಪ್ಪಿಲ್ಲ ಅಕ್ಕ. ಮಷೀನಿಗೆ ಬ್ಲ್ಯಾಕ್ ಅಂಡ್ ವೈಟ್ ಅಂದ್ರೆ ಕರಿ ಇಲ್ಲಾ ಬಿಳಿ, ಎರಡೇ. ಒಂದ್ ಬಿಟ್ ಅಂತೀವಿ ಅದಕ್ಕೆ. ಪಹಣಿ, ಪತ್ರ ಕಾಪಿ ತೆಗೆಯೋಕೆ ಅದು ಸರಿ. ನಿಮ್ ಫೋಟೋದಲ್ಲಿ ಕರಿನೂ ಒಸಿ, ಬಿಳಿನೂ ಒಸಿ. ಮಿಕ್ಕಿದ್ದೆಲ್ಲಾ ಬೂದಿ ಬಣ್ಣ. ಮೊಕ ಇರೋದೇ ಆ ಬೂದಿಯಲ್ಲಿ."

"ಹಂಗಾದ್ರೆ ಬೂದಿ ಬಣ್ಣದ್ದೇ ಹಾಕಿ."

"ಸಾಲಲ್ಲ. ಇದನ್ನ ಕಲರಲ್ಲೇ ಹಾಕ್ಬೇಕು."

ನನಗೆ ಪಿತ್ತ ನೆತ್ತಿಗೇರಿತು. "ಕಪ್ಪು ಬಿಳುಪು ಫೋಟೋಗೆ ಕಲರ್ ಯಾತಕ್ಕೆ? ನಾನೇನು ನಿನ್ನೆ ಮೊನ್ನೆ ಹುಟ್ಟಿದವಳಲ್ಲ" ಎಂದುಬಿಟ್ಟೆ.

ಅವರು ಎದ್ದು ಒಳಗೆ ಹೋದರು. ಕೋಪ ಮಾಡಿಕೊಂಡರೇನೋ ಎಂದು ನಾನು ಸೆರಗು ತಿರುಚುತ್ತಾ ನಿಂತೆ. ಅಂಗೈಯಷ್ಟು ಅಗಲದ ಒಂದು ಕೆಂಪು ಗಾಜು ಹಿಡಿದು ಬಂದರು. ಹಿಂದೆ ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆಯುತ್ತಿದ್ದ ಕಾಲದ ದೀಪದ ಗಾಜಂತೆ ಅದು.

"ಕಣ್ಣಿಗೆ ಅಡ್ಡ ಇಟ್ಕಂಡು ನಿಮ್ ಫೋಟೋ ನೋಡಿ" ಎಂದರು.

ಕಿಟಕಿಯ ಬೆಳಕಿಗೆ ಬಂದು ನೋಡಿದೆ. ಲೋಕವೆಲ್ಲ ಕೆಂಪಾಯಿತು, ಆದರೆ ಫೋಟೋದ ಮೇಲಿದ್ದ ಕೆಂಪು ಮಾತ್ರ ಕಾಣೆಯಾಗಿತ್ತು. ಅದರ ಜಾಗದಲ್ಲಿ, ಮಂಜಿನ ಆಚೆಯಿಂದ ಎನ್ನುವಂತೆ, ಒಂದು ಕಣ್ಣು ನನ್ನನ್ನು ನೋಡುತ್ತಿತ್ತು. ಗಾಜು ತೆಗೆದೆ, ಬರೀ ಕುಂಕುಮ. ಮತ್ತೆ ಇಟ್ಟುಕೊಂಡೆ, ಕಣ್ಣು. ಮೂರು ಸಲ ಹಾಗೇ ಮಾಡಿದೆ.

"ಕಲರ್ ಅಂದ್ರೆ ಇದೇ" ಎಂದರು ನಜೀರಣ್ಣ. "ಮಷೀನು ಕೆಂಪು, ಹಸಿರು, ನೀಲಿ ಅಂತ ಮೂರು ಥರ ಅಳ್ಕೊಂಡು ಬರ್ತದೆ. ಕೆಂಪಿನ ಅಳತೆಯಲ್ಲಿ ಕುಂಕುಮ ಬಿಳಿ ಕಾಗದದ ಹಂಗೆ ಕಾಣ್ತದೆ. ಅದೊಂದನ್ನ ಇಟ್ಕಂಡು ಮಿಕ್ಕ ಎರಡು ಬುಟ್ಬುಡ್ತೀನಿ. ಕಲೆ ಇಲ್ದಿದ್ರೆ ನೀವಂದಂಗೆ ಬೂದಿದೇ ಸಾಕಿತ್ತು."

ಆಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಸ್ಕ್ಯಾನ್ ಮಾಡಿದರು. ಮೊದಲು ಒಂದು ಸಲ ಮಾಡಿ, ಮಸುಕಾಗಿದ್ದ ಮುಖವನ್ನು ಕಂಪ್ಯೂಟರಿನಲ್ಲಿ ಗಾಢ ಮಾಡಿ ತೋರಿಸಿದರು. ಮೂಗು, ಬಾಯಿ ಕಾಣಿಸಿತು. ಆದರೆ ಗಲ್ಲದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಬಿದ್ದಿತ್ತು.

"ಇದು ಎಂಟು ಬಿಟ್ಟಿಂದು. ಕರಿಯಿಂದ ಬಿಳಿಗೆ ಇನ್ನೂರೈವತ್ತಾರು ಮೆಟ್ಲು. ಚೆನ್ನಾಗಿರೋ ಫೋಟೋಗೆ ಧಾರಾಳ ಆಯ್ತು. ನಿಮ್ಮವರ ಮೊಕ ಮಾತ್ರ ಎಷ್ಟು ತೆಳ್ಳಗೆ ಉಳಿದೈತೆ ಅಂದ್ರೆ, ಅಷ್ಟರಲ್ಲಿ ಹತ್ತೋ ಹನ್ನೆರಡೋ ಮೆಟ್ಲು ಸಿಕ್ಕೈತೆ. ಅದನ್ನೇ ಎಳೆದು ಅಗಲ ಮಾಡಿದ್ರೆ ಹಿಂಗೆ ಒಡೀತದೆ. ಈಗ ಹದಿನಾರು ಬಿಟ್ಟಿಂದು ನೋಡಿ. ಅರವತ್ತೈದು ಸಾವಿರದ ಮೇಲೆ ಮೆಟ್ಲು."

ಎರಡನೇ ಸಲ ಮಾಡಿದ್ದು ನಿಧಾನವಾಗಿ ಬಂತು, ಕಂಪ್ಯೂಟರು ಏದುಸಿರು ಬಿಡುತ್ತಿತ್ತು. ಅದನ್ನೂ ಹಾಗೇ ಗಾಢ ಮಾಡಿದರು. ಗಲ್ಲ ನುಣ್ಣಗೆ, ದುಂಡಗೆ ತಿರುಗಿಕೊಂಡು ಕಿವಿಯ ಕಡೆ ಹೋಯಿತು. ನನ್ನ ದಾರದ ಡಬ್ಬಿ ನೆನಪಾಯಿತು. ತಿಳಿ ಹಸಿರಿಗೂ ಗಾಢ ಹಸಿರಿಗೂ ನಡುವೆ ಮೂರೇ ರೀಲು ಇದ್ದರೆ ಕಸೂತಿಯ ಎಲೆ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ, ಮೂವತ್ತು ರೀಲಿದ್ದರೆ ಯಾವುದು ಎಲ್ಲಿ ಮುಗಿಯಿತೆಂದೇ ತಿಳಿಯುವುದಿಲ್ಲ. ಅದನ್ನು ಹೇಳಿದೆ. "ಅಷ್ಟೇ ಅಕ್ಕ, ಬೇರೆ ಏನಿಲ್ಲ" ಎಂದು ಅವರು ಖುಷಿಯಿಂದ ತಲೆಯಾಡಿಸಿದರು.

"ಮೊದಲು ಎಂಟರದ್ದೇ ತಗಂಡು ಆಮೇಲೆ ಹದಿನಾರು ಮಾಡ್ಕಂಡ್ರೆ ಆಗಲ್ವಾ?" ಎಂದು ಕೇಳಿದೆ.

"ನೀವು ಬ್ಲೌಸ್ ಒಳಗೆ ಬಟ್ಟೆ ಬಿಟ್ಟು ಹೊಲಿತೀರಲ್ಲ, ಮುಂದೆ ಬಿಚ್ಚಿ ಅಗಲ ಮಾಡೋಕೆ. ಬಿಡದೆ ಕತ್ತರಿಸ್ಬುಟ್ರೆ ಆಮೇಲೆ ಎಲ್ಲಿಂದ ತರ್ತೀರಿ?"

ಹೊರಡುವಾಗ ಸುರೇಶ ಮಾಡಿ ಕಳಿಸಿದ್ದ ಚೆಲುವೆಯ ಚಿತ್ರವನ್ನೂ ನನ್ನ ಮೊಬೈಲಿನಲ್ಲಿ ತೋರಿಸಿದೆ. ನಜೀರಣ್ಣ ನೋಡಿ ಮೊಬೈಲು ವಾಪಸು ಕೊಟ್ಟರು. "ನಾನು ಮೊಕ ಮಾಡಲ್ಲ ಅಕ್ಕ. ಇರೋದನ್ನ ತೆಗೀತೀನಿ. ಇಲ್ದಿರೋದು ಇಲ್ಲ ಅಂತ್ಲೇ ಬುಡ್ತೀನಿ. ಅದಕ್ಕೆ ಒಪ್ಪಿದ್ರೆ ಹತ್ತು ದಿನ ಕೊಡಿ" ಎಂದರು. ಅಮಾವಾಸ್ಯೆಗೆ ಎರಡು ದಿನ ಉಳಿಯುತ್ತಿತ್ತು. ಒಪ್ಪಿದೆ.

ಹತ್ತನೇ ದಿನ ಅತ್ತೆ ತಾವೂ ಬರುತ್ತೇನೆಂದು ಹಟ ಹಿಡಿದರು. ಆ ಹತ್ತು ದಿನವೂ ಅವರು ಅರ್ಧ ಮುದ್ದೆಗಿಂತ ಹೆಚ್ಚು ಉಂಡಿರಲಿಲ್ಲ. ಅಲ್ಲೂ ಯಾರ್ ಮನೆ ಹೆಣ್ಣು ಎಂದುಬಿಟ್ಟರೆ ಏನು ಗತಿ ಎಂದು ಬಸ್ಸಿನಲ್ಲಿ ನನಗೆ ಅದೇ ಯೋಚನೆ.

ನಜೀರಣ್ಣ ಎದ್ದು ತಮ್ಮ ಕುರ್ಚಿಯನ್ನೇ ಅತ್ತೆಗೆ ಕೊಟ್ಟರು. "ಕೂತ್ಕಳಿ ಅವ್ವ. ಒಂದ್ ಹುಬ್ಬಿನ ತುದಿ, ಮೂಗಿನ ಪಕ್ಕ ಒಸಿ, ಹೋಗೈತೆ. ಅದನ್ನ ನಾನು ಬರ್ದಿಲ್ಲ" ಎಂದು ಮೊದಲೇ ಹೇಳಿ ಕಂಪ್ಯೂಟರಿನಲ್ಲಿ ಫೋಟೋ ತೆಗೆದರು.

ಕಪ್ಪನೆಯ, ಕೋಲು ಮುಖದ ಹೆಂಗಸು. ಕೆನ್ನೆಯ ಮೂಳೆ ಎದ್ದು ಕಾಣುತ್ತದೆ. ನಗುವಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಬೇಗ ಮುಗಿಸಪ್ಪ ಕೆಲಸ ಐತೆ ಎನ್ನುವ ಹಾಗೆ ನೋಡುತ್ತಿದ್ದಳು. ಒಂದು ಹುಬ್ಬು ಅರ್ಧಕ್ಕೇ ನಿಂತಿತ್ತು. ಅತ್ತೆ ಪರದೆಯ ಹತ್ತಿರ ಹತ್ತಿರ ಬಗ್ಗಿದರು. "ಅವ್ವ" ಎಂದರು. ಫೋಟೋದ ಬಗ್ಗೆ ನಮಗೆ ಹೇಳಿದ್ದಲ್ಲ, ಎದುರಿಗಿದ್ದವರನ್ನು ಕರೆದದ್ದು. ಅವತ್ತಿನಿಂದ ತಡೆದಿಟ್ಟಿದ್ದ ಅಳು ಆಗ ಬಂತು. ನಾನೂ ಅತ್ತುಬಿಟ್ಟೆ. ನಜೀರಣ್ಣ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು.

ಕನ್ನಡಕ ಮತ್ತೆ ಹಾಕಿಕೊಂಡು ಅವರು ಹೇಳಿದರು. "ಅವ್ವ, ಒಂದ್ ವಿಷ್ಯ ಕೇಳ್ಬೇಕಿತ್ತು. ಕೆಳಗಡೆ ಧೂಪದ ಮಸಿ ಹಿಡಿದು ಸೀರೆ ಪೂರ್ತಿ ಕರಿಯಾಗಿತ್ತು. ತಿಳಿ ಮಾಡ್ತಾ ಹೋದ್ರೆ ನಿರಿಗೆಗಳೆಲ್ಲಾ ಬಂದ್ವು. ನಿರಿಗೆ ಪಕ್ಕ ಇಲ್ಲೊಂದು ಗುರುತು ಸಿಕ್ತು. ಕೊಳೆ ಅಂದ್ಕಂಡು ಅಳ್ಸೋಕೆ ಹೋಗಿದ್ದೆ. ಆಮೇಲೆ ಯಾಕೋ ಮನಸು ಬರ್ಲಿಲ್ಲ, ಬುಟ್ಟೆ. ನೀವೇ ನೋಡಿ ಹೇಳಿ."

ಆ ಜಾಗವನ್ನು ದೊಡ್ಡದು ಮಾಡಿದರು. ಕರಿಯ ಸೀರೆಯ ನಡುವೆ, ಕರಿಗಿಂತ ಒಂದೇ ಒಂದು ಎಳೆ ತಿಳಿಯಾಗಿ, ನಾಲ್ಕು ಸಣ್ಣ ಬೆರಳು. ಹಿಂದೆ ಅಡಗಿ ನಿಂತ ಮಗುವೊಂದು ಸೀರೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತ್ತು. ಮೂರು ಬೆರಳು ಮಡಚಿದ್ದವು. ಕೊನೆಯದೊಂದು ಮಾತ್ರ ಸೊಟ್ಟಗೆ ಹೊರಕ್ಕೆ ಚಾಚಿತ್ತು.

ನಾನು ಅತ್ತೆಯ ಕೈ ನೋಡಿದೆ. ಅತ್ತೆಯೂ ತಮ್ಮ ಕೈ ನೋಡಿಕೊಂಡರು. ನಿಧಾನವಾಗಿ ಆ ಬಲಗೈ ಎತ್ತಿ, ಪರದೆಗೆ ತಗುಲದ ಹಾಗೆ, ಆ ಬೆರಳುಗಳ ಪಕ್ಕಕ್ಕೆ ಹಿಡಿದರು.

"ನಾನ್ ಓಡೋಗಿಲ್ಲ ಕಣೆ" ಎಂದರು. "ನಾನ್ ಅಲ್ಲೇ ಇದ್ದೆ. ನಮ್ಮವ್ವನ್ನ ಹಿಡ್ಕಂಡೇ ಇದ್ದೆ."

ನಜೀರಣ್ಣ ಪ್ರಿಂಟು ತೆಗೆದು, ಗಾಜಿನ ಹೊಸ ಫ್ರೇಮು ಹಾಕಿಸಿ, ಅಸಲು ಫೋಟೋವನ್ನು ಬೇರೆಯಾಗಿ ಕಾಗದದಲ್ಲಿ ಸುತ್ತಿ ಕೊಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. "ಅತ್ತೆ, ಆ ಗಾಜು ಒಡೆದಿದ್ದು ನಾನು" ಎಂದೆ.

"ಗೊತ್ತು ಸುಮ್ಕಿರು" ಎಂದರು, ಫ್ರೇಮನ್ನು ಮಡಿಲಲ್ಲಿ ಇನ್ನಷ್ಟು ಒತ್ತಿ ಹಿಡಿದುಕೊಂಡು. "ಕಣ್ಣು ಮಂಜಾಗಿತ್ತು, ಕಿವಿ ನೆಟ್ಟಗಿತ್ತು. ನೀನೇ ಹೇಳ್ತೀಯ ಅಂತ ಆರ್ ವರ್ಸ ಕಾದೆ." ಸ್ವಲ್ಪ ದೂರ ಹೋದಮೇಲೆ, "ಹಸೀತೈತೆ ಕಣೆ, ಹೋದೇಟ್ಗೆ ಮುದ್ದೆ ಮಾಡು" ಎಂದರು.

ಅಮಾವಾಸ್ಯೆ ದಿನ ಎಡೆ ಇಟ್ಟು, ಆ ಫೋಟೋದ ಗಾಜಿನ ಮೇಲೆ ಕುಂಕುಮ ಇಟ್ಟರು. ಈ ಸಲ ಬೆರಳು ಸರಿಯಾಗಿ ಹಣೆಗೇ ಹೋಯಿತು.

ಈಗಲೂ ರಾಮನಗರದ ಕಡೆ ಹೋದರೆ ನಜೀರಣ್ಣನನ್ನು ಕಂಡು ಬರುತ್ತೇನೆ. ಅವರ ಮಷೀನಿನ ಅರವತ್ತೈದು ಸಾವಿರ ಮೆಟ್ಟಿಲಿನ ಲೆಕ್ಕ ನನಗೆ ಪೂರ್ತಿ ತಲೆಗೆ ಹತ್ತಿದೆ ಎಂದೇನೂ ಹೇಳಲಾರೆ. ನನಗೆ ಮತ್ತೆ ಮತ್ತೆ ನೆನಪಾಗುವುದು ಬೇರೆ. ಆ ನಾಲ್ಕು ಬೆರಳು ಕೊಳೆಯ ಹಾಗೇ ಇದ್ದವು. ಅಳಿಸಿದ್ದರೆ ಫೋಟೋ ಇನ್ನೂ ಚೊಕ್ಕಟವಾಗುತ್ತಿತ್ತು, ನಾವು ಹೊಗಳಿಯೇ ತರುತ್ತಿದ್ದೆವು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಅಳಿಸದೆ ಆ ಮನುಷ್ಯ ಕೈ ತಡೆದರಲ್ಲ, ಆ ಕೈಗೆ ನಾನು ದಿನಾ ಅಂಗಡಿ ಬಾಗಿಲು ತೆಗೆಯುವಾಗ ಮನಸ್ಸಿನಲ್ಲೇ ಒಂದು ನಮಸ್ಕಾರ ಹಾಕುತ್ತೇನೆ.